ಕಣ್ಣಿಗೆ ಕಾಣದ, ಮೈಗೆ ತಿಳಿಯದ ಬಿಸಿಲು

ಕನ್ನಡಿಯ ಎದುರು ನಿಂತು ಒಂದು ತೋಳನ್ನು ಮೇಲೆತ್ತಿ, ಕಂಕುಳಿನ ಹತ್ತಿರದ ಒಳತೋಳಿನ ಚರ್ಮವನ್ನು ನೋಡಿ. ಆಮೇಲೆ ಅದೇ ಕೈಯ ಹಿಂಬದಿಯನ್ನು, ಬೆರಳಗೆಣ್ಣುಗಳಿಂದ ಮಣಿಕಟ್ಟಿನವರೆಗೆ, ಅವಸರವಿಲ್ಲದೆ ನೋಡಿ. ಎರಡಕ್ಕೂ ವಯಸ್ಸು ಒಂದೇ, ಹರಿಯುವ ರಕ್ತವೂ ಒಂದೇ. ಆದರೂ ಒಳತೋಳು ನುಣುಪಾಗಿ, ಒಂದೇ ಬಣ್ಣದಲ್ಲಿರುತ್ತದೆ. ಚಿವುಟಿ ಬಿಟ್ಟರೆ ತಕ್ಷಣ ಮೊದಲಿನಂತಾಗುತ್ತದೆ. ಕೈಯ ಹಿಂಬದಿ ಒರಟಾಗಿ, ಗೆರೆಗೆರೆಯಾಗಿ, ಅಲ್ಲಲ್ಲಿ ಕಂದು ಚುಕ್ಕೆ ಹೊತ್ತುಕೊಂಡಿರುತ್ತದೆ. ನಡುವಯಸ್ಸು ದಾಟಿದವರಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ವಯಸ್ಸಾಯಿತು ಎಂದು ನಿಟ್ಟುಸಿರು ಬಿಡುವಂತೆ ಮಾಡುವ ಸುಕ್ಕು, ಕಲೆ, ಒರಟುತನಗಳಲ್ಲಿ ದೊಡ್ಡ ಪಾಲು ಬಿಸಿಲಿನದು. ವಯಸ್ಸೊಂದೇ ಚರ್ಮಕ್ಕೆ ಎಷ್ಟು ಮಾಡಬಲ್ಲದು ಎಂಬುದನ್ನು ತಿಳಿಯಬೇಕಾದರೆ ಒಳತೋಳನ್ನೇ ಕೇಳಬೇಕು.

2012ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ವೈದ್ಯಕೀಯ ಪತ್ರಿಕೆ ಒಂದು ಛಾಯಾಚಿತ್ರವನ್ನು ಪ್ರಕಟಿಸಿತು. 28 ವರ್ಷ ಸರಕಿನ ಗಾಡಿ ಓಡಿಸಿದ್ದ, 69 ವರ್ಷದ ಚಾಲಕರೊಬ್ಬರ ಮುಖ ಅದು. ಬಲಗೆನ್ನೆ ಆ ವಯಸ್ಸಿನವರಲ್ಲಿ ಸಾಮಾನ್ಯವಾಗಿ ಕಾಣುವಂತೆಯೇ ಇದೆ. ಎಡಗೆನ್ನೆ ಮಾತ್ರ ಬೇರೊಬ್ಬ ಹಿರಿಯರದ್ದೇನೋ ಎನ್ನುವಷ್ಟು ಬೇರೆ: ಚರ್ಮ ದಪ್ಪಗಾಗಿ ಜೋತುಬಿದ್ದಿದೆ, ಆಳವಾದ ಮಡಿಕೆಗಳೆದ್ದಿವೆ. ಗಾಡಿಯ ಕಿಟಕಿ ಇದ್ದದ್ದು ಆ ಬದಿಗೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ಮೈ ಕೆಂಪಾಗಿ ಸುಡುವುದು ಅಪರೂಪ. ಉರಿಯಿಲ್ಲ, ನೋವಿಲ್ಲ, ಎಚ್ಚರಿಕೆಯಿಲ್ಲ. ದಿನದಿನವೂ ಒಂದಿಷ್ಟು ಬಂದು ಬಿದ್ದ ಆ ಬಿಸಿಲು ಒಂದೇ ಮುಖದ ಎರಡು ಬದಿಗೆ ಎರಡು ವಯಸ್ಸು ಕೊಟ್ಟುಬಿಟ್ಟಿತ್ತು. ಆ ಚಿತ್ರವನ್ನು ನೋಡಿದ ಮೇಲೆ ಬಿಸಿಲನ್ನು ಕುರಿತ ನನ್ನ ತಿಳಿವಳಿಕೆಯೇ ಬದಲಾಯಿತು.

ಬಿಸಿಲನ್ನು ನಾವು ಅಳೆಯುವುದು ಎರಡೇ ಬಗೆಯಲ್ಲಿ: ಸೆಕೆ ಎಷ್ಟಿದೆ, ಕಣ್ಣು ಎಷ್ಟು ಕುಕ್ಕುತ್ತಿದೆ. ಚರ್ಮದ ಮಟ್ಟಿಗೆ ಇವೆರಡೂ ನಂಬಲು ತಕ್ಕವಲ್ಲ. ಸೆಕೆಯನ್ನು ಮೈಗೆ ಮುಟ್ಟಿಸುವುದು ಬಹುಪಾಲು ಅವಗೆಂಪು ಕಿರಣ, ಕಣ್ಣಿಗೆ ಕಾಣುವುದು ಬೆಳಕು, ಚರ್ಮವನ್ನು ಒಳಗಿನಿಂದ ಕೆಡಿಸುವುದು ಅತಿನೇರಳೆ ಕಿರಣ. ಈ ಮೂರನೆಯದು ಇದೆ ಎಂಬುದೇ ಮನುಷ್ಯನಿಗೆ ಗೊತ್ತಾದದ್ದು 1801ರಲ್ಲಿ. ಜರ್ಮನಿಯ ಯೋಹಾನ್ ವಿಲ್‌ಹೆಲ್ಮ್ ರಿಟ್ಟರ್, ಬೆಳಕಿನಲ್ಲಿ ಕಪ್ಪಾಗುವ ಸಿಲ್ವರ್ ಕ್ಲೋರೈಡನ್ನು ಪಟ್ಟಕದಿಂದ ಹೊರಬಿದ್ದ ಬಣ್ಣಗಳ ಎದುರು ಹಿಡಿದು ನೋಡಿದರು. ನೇರಳೆ ಬಣ್ಣ ಮುಗಿದು, ಕಣ್ಣಿಗೆ ಏನೂ ಕಾಣದ ಜಾಗದಲ್ಲೇ ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು. ಅಂದಿನಿಂದ ಇಂದಿನವರೆಗೂ ಆ ಕಿರಣವನ್ನು ಕಾಣುವ ಕಣ್ಣಾಗಲಿ, ಬಿದ್ದಾಗಲೇ ಗುರುತಿಸುವ ಸ್ಪರ್ಶವಾಗಲಿ ನಮಗಿಲ್ಲ.

ಹಾಗಾಗಿಯೇ ಮೋಡ ಕವಿದ ದಿನ ನಾವು ನಿಶ್ಚಿಂತರಾಗಿರುತ್ತೇವೆ. ತೆಳುವಾದ ಮೋಡ ಅತಿನೇರಳೆ ಕಿರಣದ ಬಹುಪಾಲನ್ನು ಹಾಗೆಯೇ ಬಿಟ್ಟುಕೊಡುತ್ತದೆ. ಬೆಟ್ಟದ ತಂಪಿನಲ್ಲಿ ಟೋಪಿ ತೆಗೆದಿಡುತ್ತೇವೆ. ಆದರೆ ಸಾವಿರ ಮೀಟರ್ ಮೇಲೇರಿದಂತೆಲ್ಲ ಈ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಹೊಸದಾಗಿ ಬಿದ್ದ ಹಿಮ ಅದರ ಶೇ. 80ರವರೆಗೂ ಮುಖಕ್ಕೆ ತಿರುಗಿಸಿ ಎಸೆಯಬಲ್ಲದು. ಚಳಿಯಲ್ಲಿ ನಡುಗುತ್ತಲೇ ಚರ್ಮ ಸುಟ್ಟುಕೊಳ್ಳುವುದು ಸಾಧ್ಯವಾಗುವುದು ಹೀಗೆ. ನೀರಿನಲ್ಲಿ ಈಜುವವರ ಮೈಗೂ ತಂಪು ಮಾತ್ರ ತಿಳಿಯುತ್ತದೆ, ಬಿಸಿಲು ತಿಳಿಯುವುದಿಲ್ಲ. ಅರ್ಧ ಮೀಟರ್ ಆಳದಲ್ಲೂ ಈ ಕಿರಣದ ಶೇ. 40ರಷ್ಟು ಇದ್ದೇ ಇರುತ್ತದೆ.

ನೆಲ ಮುಟ್ಟುವ ಅತಿನೇರಳೆ ಕಿರಣದಲ್ಲಿ ಎರಡು ಬಗೆ. ಸುಮಾರು ಶೇ. 95ರಷ್ಟಿರುವ ಯುವಿ-ಎ ಗಾಜನ್ನು ದಾಟುತ್ತದೆ, ಚರ್ಮದ ಆಳಕ್ಕಿಳಿಯುತ್ತದೆ, ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಎಳೆಗಳನ್ನು ಸಡಿಲಿಸುತ್ತದೆ. ಪ್ರಮಾಣದಲ್ಲಿ ಕಡಿಮೆಯಿರುವ ಯುವಿ-ಬಿ ಮೇಲ್ಪದರದಲ್ಲೇ ನಿಂತರೂ ಪೆಟ್ಟು ಜೋರು. ಚರ್ಮವನ್ನು ಕೆಂಪಾಗಿಸಿ ಸುಡುವುದು ಮುಖ್ಯವಾಗಿ ಇದೇ. ಆ ಸುಡುವಿಕೆ ಕೂಡ ತಡವಾಗಿ ತಿಳಿಯುತ್ತದೆ. ಬಿಸಿಲಿನಲ್ಲಿ ನಿಂತ ಕೆಲವು ಗಂಟೆಗಳ ಬಳಿಕ ಕೆಂಪು ಶುರುವಾಗಿ, 12ರಿಂದ 24 ಗಂಟೆಗಳ ಹೊತ್ತಿಗೆ ಉರಿ ಏರುತ್ತದೆ. ಉರಿದಾಗ ನೆರಳಿಗೆ ಹೋದರಾಯಿತು ಎನ್ನುವವರು ಉರಿಯುವ ಹೊತ್ತಿಗೆ ಮನೆಯೊಳಗೇ ಇರುತ್ತಾರೆ.

ಜೀವಕೋಶದೊಳಗೆ ನಡೆಯುವುದನ್ನು ಸ್ವಲ್ಪ ನಿಂತು ನೋಡಬೇಕು. ಕಿರಣ ಡಿಎನ್‌ಎ ಎಳೆಗೆ ತಾಗಿದಾಗ, ಎಳೆಯ ಘಟಕಗಳಲ್ಲೊಂದಾದ ಥೈಮಿನ್ ಎರಡು ಅಕ್ಕಪಕ್ಕ ಇದ್ದರೆ, ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಎಳೆ ಅಲ್ಲಿ ಸೊಟ್ಟಗಾಗುತ್ತದೆ. ಜೀವಕೋಶ ಕೈಕಟ್ಟಿ ಕೂರುವುದಿಲ್ಲ. ಸೊಟ್ಟಗಾದ ತುಣುಕನ್ನು ಎರಡೂ ಬದಿಯಲ್ಲಿ ಕತ್ತರಿಸಿ ತೆಗೆದು, ಎದುರಿನ ಎಳೆಯನ್ನು ನೋಡಿಕೊಂಡು ಹೊಸದನ್ನು ತುಂಬುತ್ತದೆ. ಈ ರಿಪೇರಿಯ ಹಂತಗಳನ್ನು ಬಿಡಿಸಿ ತೋರಿಸಿದ ವಿಜ್ಞಾನಿ ಅಜೀಜ್ ಸಂಜಾರ್ ಅವರಿಗೆ 2015ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಬಿಸಿಲಿಗೆ ಹೋದ ಪ್ರತಿ ದಿನವೂ ಈ ಕೆಲಸ ನಮ್ಮ ಚರ್ಮದಲ್ಲಿ ಲೆಕ್ಕವಿಲ್ಲದಷ್ಟು ಸಲ ನಡೆಯುತ್ತದೆ. ಅದು ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದು ಜೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಅಪರೂಪದ ಕಾಯಿಲೆಯೊಂದಿಗೆ ಹುಟ್ಟಿದ ಮಕ್ಕಳನ್ನು ಕಂಡರೆ ತಿಳಿಯುತ್ತದೆ. ಅವರಲ್ಲಿ ಈ ರಿಪೇರಿಯೇ ಕೆಟ್ಟಿರುತ್ತದೆ. ಬಾಲ್ಯದಲ್ಲೇ ಚರ್ಮದ ಕ್ಯಾನ್ಸರ್ ಬರುತ್ತದೆ. ಹಗಲು ಹೊತ್ತು ಹೊರಗೆ ಆಡುವುದೇ ಅವರಿಗೆ ಅಪಾಯ. ಉಳಿದ ನಮಗೆಲ್ಲ ರಿಪೇರಿ ನಡೆಯುತ್ತದೆ, ಆದರೆ ಒಮ್ಮೊಮ್ಮೆ ತಪ್ಪೂ ಉಳಿಯುತ್ತದೆ. ಕೆಟ್ಟ ಜೀವಕೋಶವನ್ನು ಸಾಯಿಸಬೇಕಾದ ಪಿ53 ಎಂಬ ಜೀನ್‌ನಲ್ಲೇ ಅಂಥ ತಪ್ಪು ಉಳಿದರೆ, ತಡೆಯುವವರಿಲ್ಲದೆ ಕೋಶ ಬೆಳೆಯತೊಡಗುತ್ತದೆ. ಇಂದು ಉಳಿದ ತಪ್ಪು ಗಂಟಾಗಿ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು ವರ್ಷ ಹಿಡಿಯಬಹುದು. ಮಕ್ಕಳಿಗೆ ಟೋಪಿ ಹಾಕಿಸಬೇಕು ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ಅವರ ಮುಂದೆ ಇಷ್ಟೊಂದು ವರ್ಷಗಳಿವೆ.

ಇಷ್ಟು ಹೇಳಿದಾಗ ಕೇಳಿಬರುವ ಮಾತೊಂದಿದೆ: ‘ನಮ್ಮದು ಕಪ್ಪು ಮೈ, ನಮಗೇನೂ ಆಗುವುದಿಲ್ಲ.’ ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಸರಿಯಾಗಿಯೇ ಹೇಳಬೇಕು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ನಿಜಕ್ಕೂ ಕಾಪಾಡುತ್ತದೆ. ಚರ್ಮದ ಕೋಶದೊಳಗೆ ಮೆಲನಿನ್ ಕಣಗಳು ಕೋಶಕೇಂದ್ರದ ಮೇಲ್ಭಾಗದಲ್ಲಿ, ಬಿಸಿಲು ಬರುವ ದಿಕ್ಕಿಗೇ, ಕೊಡೆ ಬಿಚ್ಚಿದಂತೆ ಒಟ್ಟುಗೂಡಿ ನಿಲ್ಲುತ್ತವೆ. ಕಡುಕಪ್ಪು ಚರ್ಮದವರಿಗೆ ಚರ್ಮದ ಕ್ಯಾನ್ಸರ್ ಬಿಳಿ ಚರ್ಮದವರಿಗಿಂತ ಬಹಳ ಕಡಿಮೆ. ಇದನ್ನು ಮುಚ್ಚಿಟ್ಟು ಎಲ್ಲರನ್ನೂ ಒಂದೇ ಸಮನೆ ಹೆದರಿಸುವ ಬರಹಗಳು ನನಗೆ ಹಿಡಿಸುವುದಿಲ್ಲ. ಆದರೆ ಆ ರಕ್ಷಣೆಗೆ ಮಿತಿಯಿದೆ. ಅತಿ ಕಪ್ಪು ಚರ್ಮದ ಸಹಜ ರಕ್ಷಣೆ, ಬಿಸಿಲಿಗೆ ಸುಡದಂತೆ ಕಾಯುವ ಶಕ್ತಿಯನ್ನು ಅಳೆಯುವ ಎಸ್‌ಪಿಎಫ್ ಲೆಕ್ಕದಲ್ಲಿ, ಸುಮಾರು 13 ಎನ್ನುತ್ತಾರೆ. ಕಂದು ಬಣ್ಣದ ಮೈಗೆ ಅದು ಇನ್ನೂ ಕಡಿಮೆ. ಬಂಗು, ಕಪ್ಪು ಕಲೆ, ಚರ್ಮ ಸಡಿಲವಾಗುವುದು ಇವನ್ನೆಲ್ಲ ಮೆಲನಿನ್ ತಡೆಯಲಾರದು. 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇನ್ನೂ ಒಂದು ಸಂಗತಿಯನ್ನು ಹೊರಗೆಡವಿತು: ಯುವಿ-ಎ ತಾಗಿದ ಬಳಿಕ ಕತ್ತಲಿಗೆ ಬಂದ ಮೇಲೂ ಮೂರು ಗಂಟೆಗೂ ಮೀರಿ, ಮೆಲನಿನ್‌ನ ಮೂಲಕವೇ ಡಿಎನ್‌ಎಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ಇನ್ನು ಬಿಳಿ ಮೈಯವರು ಆಸೆಪಟ್ಟು ಕಂದಾಗುವುದು ಚರ್ಮಕ್ಕೆ ಈಗಾಗಲೇ ಗಾಯವಾಗಿದೆ ಎಂಬುದರ ಗುರುತು. ಮೈ ಕಂದಾಗಿಸುವ ಕೃತಕ ದೀಪದ ಯಂತ್ರಗಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2009ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೇ, ಅಂದರೆ ಕ್ಯಾನ್ಸರ್ ತರುತ್ತವೆಂದು ಖಚಿತವಾದವುಗಳ ಗುಂಪಿಗೇ, ಸೇರಿಸಿತು.

ಕಪ್ಪು ಮೈಯವರ ನಿಜವಾದ ಕಷ್ಟ ಬೇರೆಯೇ. ಅವರಿಗೆ ಈ ಕಾಯಿಲೆ ಬರಬಹುದೆಂದು ಯಾರಿಗೂ ಹೊಳೆಯದ ಕಾರಣ, ಪತ್ತೆಯಾಗುವ ಹೊತ್ತಿಗೆ ತಡವಾಗಿರುತ್ತದೆ. ಚರ್ಮದ ಕ್ಯಾನ್ಸರ್‌ಗಳಲ್ಲೇ ಅಪಾಯಕಾರಿಯಾದ ಮೆಲನೋಮ ಅವರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಅಡಿಯಲ್ಲಿ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳ ಉಗುರಿನ ಅಡಿಯಲ್ಲಿ ಪತ್ತೆಯಾದದ್ದು ಇದೇ ಬಗೆ. ಅದು ಮೈಯೆಲ್ಲ ಹರಡಿ 1981ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡರು. ಈ ಬಗೆಯ ಮೆಲನೋಮಕ್ಕೆ ಬಿಸಿಲು ಕಾರಣವೆನ್ನುವಂತಿಲ್ಲ. ಸನ್‌ಸ್ಕ್ರೀನ್ ಇದನ್ನು ತಡೆಯುವುದೂ ಇಲ್ಲ. ಇದಕ್ಕೆ ಬೇಕಾದದ್ದು ಕಣ್ಣು: ಸ್ನಾನವಾದ ಮೇಲೆ ಅಂಗಾಲನ್ನು ತಿರುಗಿಸಿ ನೋಡುವುದು, ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಪಟ್ಟಿಯನ್ನು ಪೆಟ್ಟಿನ ಗುರುತೆಂದು ಬಿಟ್ಟುಬಿಡದಿರುವುದು. ಹಾಗೆಯೇ ಹಳೆಯ ಸುಟ್ಟಗಾಯದ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲಿ ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಎಂಬ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಹುಟ್ಟುವುದುಂಟು.

ನನ್ನ ಚಿಕ್ಕಪ್ಪ ಕೆಲಸದ ವರ್ಷಗಳನ್ನೆಲ್ಲ ಜಮೀನು ಅಳೆಯುವ ಸರ್ವೆಯಲ್ಲಿ ಕಳೆದವರು. ನಿವೃತ್ತಿಯ ಬಳಿಕ ಅವರ ಮೂಗಿನ ಹೊಳ್ಳೆಯ ಪಕ್ಕ ಸಣ್ಣದೊಂದು ಗಂಟು ಕಾಣಿಸಿಕೊಂಡಿತು. ಕರಿಬೂದು ಬಣ್ಣ, ಅಂಚು ಕೊಂಚ ಎದ್ದು, ಬೆಳಕಿಗೆ ಹಿಡಿದರೆ ಮುತ್ತಿನ ಹೊಳಪು. ನಡುವೆ ಒಂದು ಹಕ್ಕಳೆ. ಅದು ಉದುರುತ್ತಿತ್ತು, ಒಂದು ಹನಿ ರಕ್ತ ಬರುತ್ತಿತ್ತು, ಮತ್ತೆ ಹಕ್ಕಳೆ ಕಟ್ಟುತ್ತಿತ್ತು.

‘ಇದೇನು ಚಿಕ್ಕಪ್ಪ, ಇನ್ನೂ ಮಾಯಲಿಲ್ಲವೇ?’ ಎಂದು ಕೇಳಿದೆ.

‘ಗಡ್ಡ ಕೆರೆಯುವಾಗ ತಾಗುತ್ತಲೇ ಇರುತ್ತದೆ, ಬಿಡು’ ಎಂದರು.

ಒಳಗಿನಿಂದ ಚಿಕ್ಕಮ್ಮ, ‘ವರ್ಷವೇ ಆಯಿತು, ಹೇಳಿದರೆ ಕೇಳುವುದಿಲ್ಲ’ ಎಂದರು. ಚರ್ಮರೋಗ ತಜ್ಞೆ ಡರ್ಮೋಸ್ಕೋಪ್ ಎಂಬ ಪುಟ್ಟ ಭೂತಗನ್ನಡಿಯನ್ನು ಅದರ ಮೇಲಿಟ್ಟು ಬಹಳ ಹೊತ್ತು ನೋಡಿ, ಬಯಾಪ್ಸಿಗೆ ಬರೆದುಕೊಟ್ಟರು. ಬೇಸಲ್ ಸೆಲ್ ಕಾರ್ಸಿನೋಮ ಎಂದು ವರದಿ ಬಂತು. ಚರ್ಮದ ಕ್ಯಾನ್ಸರ್‌ಗಳಲ್ಲಿ ತೀರ ಸಾಮಾನ್ಯವಾದದ್ದು, ಬೇರೆ ಅಂಗಕ್ಕೆ ಹರಡುವುದು ಬಲು ಅಪರೂಪ, ಆದರೆ ಬಿಟ್ಟರೆ ಇದ್ದಲ್ಲೇ ಮೂಗನ್ನು, ಎಲುಬನ್ನು ಕೊರೆಯುತ್ತ ಹೋಗುವಂಥದು. ಸ್ಥಳೀಯ ಅರಿವಳಿಕೆ ಕೊಟ್ಟು ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮದೊಂದಿಗೆ ಅದನ್ನು ಕತ್ತರಿಸಿ ತೆಗೆದರು. ಈಗ ಚೆನ್ನಾಗಿದ್ದಾರೆ. ಇಷ್ಟು ವರ್ಷ ತಲೆಗೆ ಏನನ್ನಾದರೂ ಹಾಕಿಕೊಳ್ಳಬಾರದಿತ್ತೇ ಎಂದು ಯಾರೋ ಅಂದಾಗ ಅವರು ಹೇಳಿದ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ: ‘ಬಿಸಿಲು ಬೇಡ ಎನ್ನಬೇಕಾದರೆ ಸಂಬಳವೂ ಬೇಡ ಎನ್ನಬೇಕಿತ್ತು.’

ಆ ಮಾತಿಗೆ ಮತ್ತೆ ಬರುತ್ತೇನೆ. ಅದಕ್ಕೆ ಮೊದಲು, ಏನನ್ನು ಕಂಡರೆ ವೈದ್ಯರ ಬಳಿ ಹೋಗಬೇಕು ಎಂಬುದು. ನಾಲ್ಕು ವಾರ ಕಳೆದರೂ ಮಾಯದ ಹುಣ್ಣು. ತಾನಾಗಿ ರಕ್ತ ಸೋರುವ ಗಂಟು. ಮರಳುಕಾಗದದಂತೆ ಕೈಗೆ ತಾಗುವ, ಕಿತ್ತರೂ ಮತ್ತೆ ಬರುವ ಹಕ್ಕಳೆ. ಮಚ್ಚೆಗಳ ವಿಷಯದಲ್ಲಿ ನೋಡಬೇಕಾದದ್ದು ಎರಡು ಅರ್ಧಗಳು ಒಂದೇ ತೆರನಾಗಿವೆಯೇ, ಅಂಚು ಹರಕಾಗಿದೆಯೇ, ಒಂದಕ್ಕಿಂತ ಹೆಚ್ಚು ಬಣ್ಣವಿದೆಯೇ, ಆರು ಮಿಲಿಮೀಟರ್ ಮೀರಿದೆಯೇ ಎಂಬುದನ್ನು. ಇವೆಲ್ಲಕ್ಕಿಂತ ಮುಖ್ಯವಾದದ್ದು ಬದಲಾವಣೆ. ಮೈಮೇಲಿನ ಬೇರೆಲ್ಲ ಮಚ್ಚೆಗಳಿಗಿಂತ ಬೇರೆಯಾಗಿ ಕಾಣುವ ಒಂದೇ ಒಂದು ಮಚ್ಚೆ ಇದ್ದರೆ ಅದನ್ನೇ ಮೊದಲು ತೋರಿಸಿ. ಮೆಲನೋಮ ಒಂದು ಮಿಲಿಮೀಟರಿಗಿಂತ ತೆಳುವಾಗಿದ್ದಾಗ ಸಿಕ್ಕಿದರೆ ಬಹುತೇಕರು ಗುಣವಾಗುತ್ತಾರೆ. ಆಳಕ್ಕಿಳಿದಂತೆಲ್ಲ ಲೆಕ್ಕ ಬದಲಾಗುತ್ತದೆ. ಅಂಗಾಂಗ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುವವರು, ಮೆಲನಿನ್ ಇಲ್ಲದೆ ಹುಟ್ಟಿದವರು ಕಾಯದೆ ನಿಯಮಿತವಾಗಿ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಇನ್ನು ಕಾಪಾಡಿಕೊಳ್ಳುವ ಬಗೆ. ಎಲ್ಲರೂ ಸನ್‌ಸ್ಕ್ರೀನ್‌ನಿಂದ ಶುರು ಮಾಡುತ್ತಾರೆ. ನನ್ನ ಮಟ್ಟಿಗೆ ಅದು ಕೊನೆಯದು. ಮೊದಲನೆಯದು ಹೊತ್ತು. ಅತಿನೇರಳೆ ಕಿರಣ ಎಷ್ಟು ಜೋರಾಗಿದೆ ಎಂದು ತಿಳಿಸುವ ಯುವಿ ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು, 8 ಮುಟ್ಟಿದರೆ ನಡುಹಗಲು ಹೊರಗೆ ನಿಲ್ಲಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹವಾಮಾನ ತೋರಿಸುವ ಬಹುತೇಕ ಮೊಬೈಲ್ ಆ್ಯಪ್‌ಗಳಲ್ಲಿ ಆ ಸಂಖ್ಯೆ ಸಿಗುತ್ತದೆ. ಆ್ಯಪ್ ಇಲ್ಲದಿದ್ದರೆ ನಿಮ್ಮ ನೆರಳನ್ನೇ ನೋಡಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಕಿರಣ ಜೋರಾಗಿದೆ ಎಂದರ್ಥ. ಕಣ್ಣಿಗೆ ಕಾಣದ್ದನ್ನು ಕಾಣಿಸುವ ಇಷ್ಟು ಸರಳ ಉಪಾಯ ಇನ್ನೊಂದಿಲ್ಲ. ಮಕ್ಕಳು ಇದನ್ನು ಒಮ್ಮೆ ಕಲಿತರೆ ಮರೆಯುವುದಿಲ್ಲ.

ಎರಡನೆಯದು ಬಟ್ಟೆ. ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ನೇಯ್ಗೆಯ ನಡುವೆ ಬೆಳಕು ಧಾರಾಳವಾಗಿ ಕಂಡರೆ ಅತಿನೇರಳೆ ಕಿರಣಕ್ಕೂ ಅಷ್ಟೇ ದಾರಿಯಿದೆ. ಒತ್ತಾದ ನೇಯ್ಗೆ, ಗಾಢ ಬಣ್ಣ, ಸಡಿಲ ಹೊಲಿಗೆ ಒಳ್ಳೆಯವು. ತೆಳುವಾದ ಬಿಳಿ ಹತ್ತಿ ಅಂಗಿ ಬೆವರಿನಲ್ಲಿ ನೆನೆದು ಮೈಗಂಟಿದಾಗ ಅದರ ಮರೆ ಇನ್ನೂ ತಗ್ಗುತ್ತದೆ. ಮುಂದೆ ಮಾತ್ರ ಅಂಚಿರುವ ಕ್ಯಾಪ್ ಕಿವಿಯನ್ನೂ ಕತ್ತಿನ ಹಿಂಭಾಗವನ್ನೂ ಮರೆತುಬಿಡುತ್ತದೆ. ಸುತ್ತಲೂ ಅಂಚಿರುವ ಟೋಪಿಯೇ ಬೇಕು. ಆರು ತಿಂಗಳೊಳಗಿನ ಮಗುವಿಗೆ ಕ್ರೀಮಿಗಿಂತ ನೆರಳು ಮತ್ತು ಬಟ್ಟೆಯೇ ಸರಿ.

ಇವೆಲ್ಲ ಮುಚ್ಚದೆ ಬಿಟ್ಟ ಮುಖ, ಕಿವಿ, ಕೈಗಳಿಗೆ ಸನ್‌ಸ್ಕ್ರೀನ್. ಎಸ್‌ಪಿಎಫ್ 15 ಯುವಿ-ಬಿಯ ಶೇ. 93ನ್ನು, 30 ಇದ್ದರೆ ಶೇ. 97ನ್ನು, 50 ಇದ್ದರೆ ಶೇ. 98ನ್ನು ತಡೆಯುತ್ತದೆ. ದೊಡ್ಡ ಸಂಖ್ಯೆಗೆ ಹಾತೊರೆಯುವುದರಲ್ಲಿ ಅರ್ಥವಿಲ್ಲ. ಯುವಿ-ಎಯನ್ನೂ ತಡೆಯುತ್ತದೆಯೇ ಎಂಬುದನ್ನು ಡಬ್ಬಿಯ ಮೇಲೆ ಓದಿಕೊಳ್ಳಿ. ಈ ಸಂಖ್ಯೆಗಳೆಲ್ಲ ಒಂದು ಚದರ ಸೆಂಟಿಮೀಟರಿಗೆ ಎರಡು ಮಿಲಿಗ್ರಾಂ ಹಚ್ಚಿ ಪರೀಕ್ಷಿಸಿದವು. ಅಂದರೆ ಮುಖ ಮತ್ತು ಕತ್ತಿಗೇ ಒಂದು ಟೀ ಚಮಚ. ಬಹಳ ಮಂದಿ ಹಚ್ಚುವುದು ಅದರ ಅರ್ಧವೋ ಕಾಲುಭಾಗವೋ. ಆಗ 50 ಎಂದು ಬರೆದದ್ದು 50 ಆಗಿ ಉಳಿಯುವುದಿಲ್ಲ. ಎರಡು ಗಂಟೆಗೊಮ್ಮೆ, ಬೆವರಿದ ಮೇಲೆ, ಮತ್ತೆ ಹಚ್ಚಬೇಕು. ಹೀಗೆ ದಿನವೂ ಹಚ್ಚಿದರೆ ಫಲವಿದೆಯೇ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ನ್ಯಾಂಬೂರ್‌ನಲ್ಲಿ 1992ರಿಂದ 1996ರವರೆಗೆ 1,621 ಜನರ ಮೇಲೆ ನಡೆದ ಪ್ರಯೋಗದಲ್ಲಿ ದಿನವೂ ಹಚ್ಚಿದವರಲ್ಲಿ ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಸುಮಾರು ಶೇ. 40ರಷ್ಟು ಕಡಿಮೆಯಾಯಿತು. ಮುಂದಿನ ಹತ್ತು ವರ್ಷ ಗಮನಿಸಿದಾಗ ಅವರಲ್ಲಿ 11 ಮಂದಿಗೆ, ಮನಸ್ಸು ಬಂದಾಗ ಹಚ್ಚಿಕೊಂಡವರಲ್ಲಿ 22 ಮಂದಿಗೆ ಮೆಲನೋಮ ಕಂಡುಬಂದಿತ್ತು. ವಿಟಮಿನ್ ಡಿ ಕೊರತೆಯಾದೀತೆಂಬ ಅಂಜಿಕೆಗೆ ಹೆಚ್ಚು ಆಧಾರವಿಲ್ಲ. ದಿನನಿತ್ಯದ ಓಡಾಟದಲ್ಲಿ ಬೀಳುವ ಅಷ್ಟಿಷ್ಟು ಬಿಸಿಲು ಹೆಚ್ಚಿನವರಿಗೆ ಸಾಲುತ್ತದೆ, ಸಾಲದವರಿಗೆ ಮಾತ್ರೆಯಿದೆ.

ಸನ್‌ಸ್ಕ್ರೀನನ್ನು ಬೆಳ್ಳಗಾಗುವ ಕ್ರೀಮಿನಂತೆ ಮಾರುವ ಜಾಹೀರಾತುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮೈಬಣ್ಣದ ಬಗ್ಗೆ ಮೊದಲೇ ಇರುವ ಕೀಳರಿಮೆಯನ್ನು ಅವು ಬೆಳೆಸುತ್ತವೆ. ಜೊತೆಗೆ ಇದು ಚೆಲುವಿನ ಗೀಳಿನವರ ವಸ್ತು ಎಂಬ ಭಾವನೆ ಬಿತ್ತಿ, ನಿಜವಾಗಿ ಬೇಕಾದವರಿಂದ ಅದನ್ನು ದೂರ ಮಾಡುತ್ತವೆ.

ನಿಜವಾಗಿ ಬೇಕಾದವರು ನನ್ನ ಚಿಕ್ಕಪ್ಪನಂಥವರು. ಬಿಸಿಲಿಗೂ ಚರ್ಮದ ಕ್ಯಾನ್ಸರಿಗೂ ನಂಟಿದೆ ಎಂಬುದು ಗೊತ್ತಾದದ್ದೇ ದುಡಿಯುವವರ ಮೈಯಿಂದ. 1894ರಲ್ಲಿ ಜರ್ಮನಿಯ ಚರ್ಮರೋಗ ತಜ್ಞ ಪಾಲ್ ಗೆರ್ಸನ್ ಉನ್ನಾ, ಹಡಗಿನ ಮೇಲೆ ಬದುಕು ಸವೆಸಿದ ನಾವಿಕರ ಮುಖ, ಕೈಗಳ ಚರ್ಮ ಹೇಗೆ ಕೆಟ್ಟು ಕ್ಯಾನ್ಸರಿಗೆ ತಿರುಗುತ್ತದೆಂದು ಬರೆದರು. ಅದಾಗಿ ಶತಮಾನಕ್ಕೂ ಮೀರಿದ ಮೇಲೆ, 2023ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಟ್ಟಾಗಿ ಅಂದಾಜಿಸಿದ್ದು: ಮೆಲನೋಮ ಅಲ್ಲದ ಚರ್ಮದ ಕ್ಯಾನ್ಸರಿನಿಂದ ಆಗುವ ಸಾವುಗಳಲ್ಲಿ ಮೂರರಲ್ಲಿ ಒಂದರ ಹತ್ತಿರಹತ್ತಿರ ಬಿಸಿಲಿನಲ್ಲಿ ಮಾಡುವ ದುಡಿಮೆಯಿಂದ ಬಂದವು. 2019ರಲ್ಲಿ ಸುಮಾರು 160 ಕೋಟಿ ಜನ ಕೆಲಸದ ವೇಳೆ ಈ ಕಿರಣಕ್ಕೆ ಮೈಯೊಡ್ಡಿದ್ದರು.

ರಸ್ತೆಗೆ ಡಾಂಬರು ಹಾಕುವವರಿಗೆ, ಕಳೆ ಕೀಳುವವರಿಗೆ, ಮೀನು ಹಿಡಿಯುವವರಿಗೆ, ಕಟ್ಟಡದ ತಾರಸಿಯ ಮೇಲೆ ಕಬ್ಬಿಣ ಬಗ್ಗಿಸುವವರಿಗೆ ನಡುಹಗಲು ಹೊರಗೆ ಹೋಗಬೇಡಿ ಎಂದು ಹೇಳುವುದು ವ್ಯರ್ಥ. ಅವರ ಹೊತ್ತನ್ನು ಗೊತ್ತುಮಾಡುವವರು ಬೇರೆಯವರು, ಹೇಳಬೇಕಾದದ್ದು ಅವರಿಗೆ. ಕೆಲಸವನ್ನು ಬೆಳಿಗ್ಗೆ ಬೇಗ ಶುರು ಮಾಡಿಸಿ ನೆರಳು ಗಿಡ್ಡವಾಗುವ ಹೊತ್ತಿಗೆ ಬಿಡುವು ಕೊಡಬಹುದು. ವಿಶ್ರಾಂತಿಗೆ ಒಂದು ಚಪ್ಪರ ಹಾಕಿಸಬಹುದು. ಸಮವಸ್ತ್ರ ಹೊಲಿಸುವಾಗ ಅರ್ಧತೋಳಿನ ಬದಲು ಪೂರ್ಣತೋಳು, ಕಾಲರ್ ಇರುವ ಅಂಗಿ ಹೊಲಿಸಬಹುದು. ಕಾರ್ಮಿಕರ ಆರೋಗ್ಯ ತಪಾಸಣೆಯಲ್ಲಿ ಕಣ್ಣು, ರಕ್ತದೊತ್ತಡಗಳ ಜೊತೆ ಮುಖ, ಕಿವಿ, ಕೈಗಳ ಚರ್ಮವನ್ನೂ ನೋಡಿಸಬಹುದು. ಹೆಲ್ಮೆಟ್ ಕೊಡುವ ಗುತ್ತಿಗೆದಾರರು ಅದರ ಹಿಂಬದಿಗೆ ಸಿಕ್ಕಿಸುವ, ಕತ್ತನ್ನೂ ಕಿವಿಯನ್ನೂ ಮುಚ್ಚುವ ಒತ್ತುನೇಯ್ಗೆಯ ಬಟ್ಟೆಯನ್ನೂ ಜೊತೆಗೇ ಕೊಡಬೇಕು, ಅದನ್ನು ಕೊಳ್ಳುವ ಖರ್ಚು ಕೂಲಿಯವರ ತಲೆಗೆ ಬೀಳಬಾರದು.